ಆರದ ಗೋಡೆ: ಹಾಸನ ಸೀಮೆಯ ಮಳೆ, ಬಿಸಿಲು ಮತ್ತು ಇಟ್ಟಿಗೆ



ಆಹ್ವಾನ ಪತ್ರಿಕೆ ನೋಡಿದ ಗೆಳೆಯರೊಬ್ಬರು, ‘ಗೋಡೆ ಬಿರುಕು ಬಿಡುವುದೂ ಒಂದು ಉಪನ್ಯಾಸದ ವಿಷಯವೇ?’ ಎಂದು ಕೇಳಿದರು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಇರುವ ಜಿಲ್ಲೆಯಲ್ಲಿ ನಿಂತು ಇಟ್ಟಿಗೆಯ ಬಗ್ಗೆ ಮಾತನಾಡುವವನು ಸ್ವಲ್ಪ ಮೊಂಡನೇ ಆಗಿರಬೇಕು. ಆದರೆ ಇಲ್ಲಿ ಕೂತಿರುವ ಹೆಚ್ಚಿನವರು ಜೀವಮಾನದಲ್ಲಿ ಮಾಡಿದ ಅತಿ ದೊಡ್ಡ ಖರ್ಚು ಮನೆಯದೇ. ಆ ಮನೆಯ ಹೊರಗೋಡೆ ವರ್ಷಕ್ಕೆ ನಾಲ್ಕೈದು ತಿಂಗಳು ಮಳೆಯಲ್ಲಿ ನಿಂತಿರುತ್ತದೆ, ಉಳಿದಷ್ಟು ದಿನ ಬಿಸಿಲಲ್ಲಿ. ಅದಕ್ಕೆ ಏನಾಗುತ್ತದೆ ಎಂದು ನಾವು ಯೋಚಿಸುವುದು ಬಣ್ಣ ಉದುರಿ ಸೋಫಾದ ಮೇಲೆ ಬಿದ್ದ ದಿನ. ಅಂದು ಮೇಸ್ತ್ರಿಯನ್ನು ಬೈಯುತ್ತೇವೆ, ಇಟ್ಟಿಗೆ ಕೊಟ್ಟವನನ್ನು ಬೈಯುತ್ತೇವೆ, ಅಂಗಡಿಗೆ ಹೋಗಿ ಹೆಚ್ಚು ಬೆಲೆಯ ಬಣ್ಣ ತರುತ್ತೇವೆ. ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಸಂಗತಿ. ಗೋಡೆ ನೆನೆಯುವುದನ್ನು ನಾವು ರೋಗ ಎಂದುಕೊಂಡಿದ್ದೇವೆ. ರೋಗವಿರುವುದು ಅದು ಆರದೆ ಉಳಿಯುವುದರಲ್ಲಿ. ಆರುವ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದವರು ನಾವೇ.

ಮೊದಲು ಜಿಲ್ಲೆಯ ಭೂಗೋಳ ನೋಡೋಣ. ಹಾಸನಕ್ಕೆ ‘ಬಡವರ ಊಟಿ’ ಎಂಬ ಹೆಸರಿದೆ. ಕೇಳಲು ಚೆಂದ, ಆದರೆ ಮನೆ ಕಟ್ಟುವವನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಸಕಲೇಶಪುರದಿಂದ ಚನ್ನರಾಯಪಟ್ಟಣಕ್ಕೆ ಹೆದ್ದಾರಿಯಲ್ಲಿ ಎಂಬತ್ತು ಕಿಲೋಮೀಟರೂ ಇಲ್ಲ. ಅಷ್ಟರೊಳಗೆ ವರ್ಷದ ಮಳೆ ಎರಡು ಸಾವಿರ ಮಿಲಿಮೀಟರ್ ದಾಟುವ ಘಟ್ಟದ ಅಂಚಿನಿಂದ ಏಳು ನೂರರ ಆಸುಪಾಸಿನ ಬಯಲಿಗೆ ಇಳಿಯುತ್ತದೆ. ಇವೆರಡರ ನಡುವೆ ಹಾಸನ. ಅರಕಲಗೂಡು ಅರೆಮಲೆನಾಡು, ಅದರ ಪಶ್ಚಿಮದ ಹೋಬಳಿಗಳಲ್ಲಿ ಆಷಾಢದ ಸೋನೆ ಹಿಡಿದರೆ ಬಿಡುವುದಿಲ್ಲ. ಹೊಳೆನರಸೀಪುರಕ್ಕೆ ಮಳೆ ಕಡಿಮೆ, ಆದರೆ ಪಕ್ಕದಲ್ಲೇ ಹೇಮಾವತಿ ಇದೆ, ನಾಲೆಗಳಿವೆ, ಗದ್ದೆಗಳಿವೆ. ಅಲ್ಲಿ ನೀರು ನೆಲದಿಂದ ಮೇಲಕ್ಕೆ ಬರುತ್ತದೆ. ಒಂದೇ ಜಿಲ್ಲಾಧಿಕಾರಿ, ಒಂದೇ ದರಪಟ್ಟಿ, ಒಂದೇ ಬಗೆಯ ಮನೆಯ ನಕ್ಷೆ. ಗೋಡೆಗೆ ಮಾತ್ರ ನಾಲ್ಕು ಬೇರೆ ಬೇರೆ ಹವೆ.

ಮಳೆ ಎಷ್ಟು ಬಿತ್ತು ಎನ್ನುವುದಕ್ಕಿಂತ ಅದು ಯಾವ ಕಡೆಯಿಂದ ಬಡಿಯಿತು ಎನ್ನುವುದು ಗೋಡೆಗೆ ಮುಖ್ಯ. ನೇರವಾಗಿ ಬಿದ್ದ ಮಳೆ ತಾರಸಿಯ ಪಾಲು, ಎರಚಲು ಗೋಡೆಯ ಪಾಲು. ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಆದ್ದರಿಂದ ಅರಕಲಗೂಡು, ಆಲೂರು, ಹಾಸನದ ಕಡೆ ಮೊದಲು ಕೆಡುವುದು ಪಶ್ಚಿಮದ ಗೋಡೆ. ಚನ್ನರಾಯಪಟ್ಟಣದ ಕಡೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಗುಡುಗು ಮಳೆಯೇ ದೊಡ್ಡದು. ಅದು ಸಂಜೆ ಬಂದು ಅರ್ಧ ಗಂಟೆ ಚಚ್ಚಿ ಹೋಗುತ್ತದೆ, ಹಿಂಗಾರಿನ ಗಾಳಿಗೆ ಪೂರ್ವದ ಗೋಡೆಯೂ ತೋಯುತ್ತದೆ. ಆದರೆ ಅಲ್ಲಿ ಮರುದಿನ ಬಿಸಿಲು ಬರುತ್ತದೆ, ಗೋಡೆ ಆರುತ್ತದೆ. ಅರಕಲಗೂಡಿನಲ್ಲಿ ಮರುದಿನವೂ ಮಳೆಯೇ.

ಈಗ ಬಿಸಿಲಿನ ಲೆಕ್ಕ. ನಾವು ಹದಿಮೂರನೆಯ ಅಕ್ಷಾಂಶದ ಹತ್ತಿರ ಇದ್ದೇವೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಡುನೆತ್ತಿಗೆ ಬಂದು ನಮ್ಮಿಂದ ಉತ್ತರಕ್ಕೆ ಸರಿಯುತ್ತಾನೆ, ಮತ್ತೆ ಆಗಸ್ಟ್ ಮಧ್ಯದಲ್ಲಿ ನೆತ್ತಿ ದಾಟಿ ದಕ್ಷಿಣಕ್ಕೆ ಹೋಗುತ್ತಾನೆ. ಅಂದರೆ ಉತ್ತರದ ಗೋಡೆಗೆ ಸರಿಯಾಗಿ ಬಿಸಿಲು ಬೀಳಬೇಕಾದ ತಿಂಗಳುಗಳು ಮೇ, ಜೂನ್, ಜುಲೈ. ಅದರಲ್ಲಿ ಜೂನ್, ಜುಲೈ ಪೂರ್ತಿ ಮೋಡ ಕವಿದಿರುತ್ತದೆ. ಮೋಡ ಕರಗಿ ಗೋಡೆಗಳು ಆರಬೇಕಾದ ಅಕ್ಟೋಬರಿನಿಂದ ಫೆಬ್ರವರಿವರೆಗೆ ಸೂರ್ಯ ಉತ್ತರದ ಗೋಡೆಯ ಮುಖವನ್ನೇ ನೋಡುವುದಿಲ್ಲ. ಪಾಚಿ ಅಲ್ಲೇ ಏಕೆ ಕಟ್ಟುತ್ತದೆ, ಆ ಕಡೆಯ ಮಲಗುವ ಕೋಣೆಯ ಬೀರುವಿನಲ್ಲಿ ರೇಷ್ಮೆ ಸೀರೆಗೆ ಬೂಷ್ಟು ಏಕೆ ಬರುತ್ತದೆ ಎಂದು ಕೇಳುವವರಿಗೆ ಇಷ್ಟೇ ಉತ್ತರ. ಮನೆಯ ಮುಖ ಯಾವ ದಿಕ್ಕಿಗಿರಬೇಕು ಎಂದು ವಾಸ್ತುವಿನವರನ್ನು ಕೇಳಿ ಹಣ ಕೊಡುವ ನಾವು, ಎರಚಲು ಯಾವ ದಿಕ್ಕಿನದು ಎಂದು ಯಾರನ್ನೂ ಕೇಳುವುದಿಲ್ಲ.

ಇಟ್ಟಿಗೆ ಎಷ್ಟು ನೀರು ಕುಡಿಯುತ್ತದೆ? ಭಾರತೀಯ ಮಾನಕ ಬ್ಯೂರೋದ ಐ.ಎಸ್. 1077ರ ಪ್ರಕಾರ, ಮನೆಗಳಿಗೆ ಬಳಸುವ ಸಾಮಾನ್ಯ ದರ್ಜೆಯ ಸುಟ್ಟ ಇಟ್ಟಿಗೆಯನ್ನು ಇಪ್ಪತ್ತನಾಲ್ಕು ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೆ ಅದು ತನ್ನ ತೂಕದ ಶೇಕಡ 20ಕ್ಕಿಂತ ಹೆಚ್ಚು ನೀರು ಹೀರಬಾರದು. ಮೂರು ಕೆ.ಜಿ.ಯ ಇಟ್ಟಿಗೆ ಒಂದು ದಿನ ನೆನೆದು ಮೂರು ಕೆ.ಜಿ. ಆರು ನೂರು ಗ್ರಾಂ ದಾಟಿದರೆ ಅದು ಗೋಡೆಗೆ ತಕ್ಕದ್ದಲ್ಲ. ತರಕಾರಿ ತೂಗುವ ತಕ್ಕಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ಪರೀಕ್ಷೆಯಲ್ಲಿ ಪಾಸಾದ ಇಟ್ಟಿಗೆಯೂ ಸಣ್ಣ ಕುಡುಕನಲ್ಲ. ಒಂಬತ್ತಿಂಚಿನ ಗೋಡೆಯ ಒಂದು ಚದರ ಮೀಟರಿನಲ್ಲಿ ಸುಮಾರು ನಾನ್ನೂರು ಕೆ.ಜಿ. ಸಾಮಾನು ಇರುತ್ತದೆ. ಪೂರ್ತಿ ನೆನೆದರೆ ಅದರೊಳಗೆ ಎಪ್ಪತ್ತೈದು ಲೀಟರಿನಷ್ಟು ನೀರು ಅಡಗಬಹುದು. ಹತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆಯೊಂದು ಏಳು ನೂರು ಲೀಟರ್ ಹಿಡಿಯಬಲ್ಲದು. ಯಾವ ಗೋಡೆಯೂ ಅಷ್ಟು ಪೂರ್ತಿಯಾಗಿ ನೆನೆಯುವುದಿಲ್ಲ, ನಿಜ. ಅದರ ಕಾಲು ಭಾಗವೇ ನೆನೆಯಲಿ, ಆ ನೀರು ಹೊರಗೆ ಹೋಗುವುದಕ್ಕೆ ದಾರಿ ಎಲ್ಲಿದೆ?

ಹಿಂದಿನ ಗೋಡೆಗೆ ಆ ದಾರಿ ಇತ್ತು. ಸುಣ್ಣದ ಗಾರೆ, ಸುಣ್ಣದ ಗಿಲಾವು, ಮೇಲೆ ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೋ ಯುಗಾದಿಗೋ ಬಳಿಯುವ ಸುಣ್ಣ. ಇವೆಲ್ಲಕ್ಕೂ ಸೂಕ್ಷ್ಮ ರಂಧ್ರಗಳಿವೆ. ಒಳಗೆ ಹೋದ ತೇವ ಆವಿಯಾಗಿ ಅದೇ ಮುಖದಿಂದ ಹೊರಗೆ ಬರುತ್ತಿತ್ತು. ಇಂದಿನ ಗೋಡೆಗೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ಕಿನಂತಹ ಬಣ್ಣ. ಹೊರನೋಟಕ್ಕೆ ಕೊಡೆ ಹಿಡಿದ ಹಾಗೆ ಕಾಣುತ್ತದೆ. ಆದರೆ ಪ್ಲಾಸ್ಟರಿನಲ್ಲಿ ಕೂದಲೆಳೆಯ ಬಿರುಕುಗಳು ಇದ್ದೇ ಇರುತ್ತವೆ. ಎರಚಲಿನ ನೀರು ಆ ಬಿರುಕಿನಿಂದ ಒಳಗೆ ನುಗ್ಗುತ್ತದೆ, ಹಿಂದಿನ ಇಟ್ಟಿಗೆ ಅದನ್ನು ಹೀರಿಕೊಳ್ಳುತ್ತದೆ. ಹೊರಬರಲು ಇಡೀ ಗೋಡೆಯ ಮುಖ ಬೇಕು, ಆ ಮುಖವನ್ನು ಬಣ್ಣ ಮುಚ್ಚಿದೆ. ಬಿಸಿಲು ಬಿದ್ದಾಗ ಒಳಗಿನ ತೇವ ಆವಿಯಾಗಿ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ, ಹೊಪ್ಪಳೆ ಏಳುತ್ತದೆ. ಬಣ್ಣದ ಡಬ್ಬಿಯ ಮೇಲೆ ಏಳು ವರ್ಷ, ಹತ್ತು ವರ್ಷ ಗ್ಯಾರಂಟಿ ಎಂದು ಬರೆದಿರುವುದು ಬಣ್ಣಕ್ಕೆ. ಗೋಡೆಗೆ ಯಾರೂ ಗ್ಯಾರಂಟಿ ಬರೆದುಕೊಟ್ಟಿಲ್ಲ.

ಇನ್ನು ಉಪ್ಪು. ನಮ್ಮ ಗಾರೆ ಕೆಲಸದವರು ‘ಗೋಡೆ ಉಪ್ಪು ಹೊಡೆದಿದೆ’ ಎನ್ನುತ್ತಾರೆ. ಇಟ್ಟಿಗೆಯ ಮಣ್ಣಿನಲ್ಲಿ, ಮರಳಿನಲ್ಲಿ, ಸಿಮೆಂಟಿನಲ್ಲಿ, ಪಾಯದ ಕೆಳಗಿನ ನೆಲದಲ್ಲಿ ನೀರಿಗೆ ಕರಗುವ ಲವಣಗಳಿರುತ್ತವೆ. ಮುಖ್ಯವಾಗಿ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಸಲ್ಫೇಟುಗಳು. ಗೋಡೆ ನೆನೆದಾಗ ಅವು ಕರಗುತ್ತವೆ, ಆರುವಾಗ ನೀರಿನ ಜೊತೆ ಮುಖದ ಕಡೆಗೆ ಬಂದು ಹರಳುಗಟ್ಟುತ್ತವೆ. ಹೊರಮೈ ಮೇಲೆ ಬಿಳಿ ಹಿಟ್ಟಿನಂತೆ ಕಟ್ಟಿದರೆ ಹೆದರಬೇಕಾಗಿಲ್ಲ, ಒಣ ಬ್ರಷ್ಷಿನಲ್ಲಿ ಉಜ್ಜಿ ತೆಗೆದರಾಯಿತು. ನೀರು ಹಾಕಿ ತೊಳೆಯಬಾರದು, ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಅದು ಮೈಯಿಂದ ಸ್ವಲ್ಪ ಒಳಗೆ, ಬಣ್ಣದ ಹಿಂದೆ, ಇಟ್ಟಿಗೆಯ ರಂಧ್ರದಲ್ಲಿ ಹರಳುಗಟ್ಟಿದಾಗ ತೊಂದರೆ ಶುರು. ಸೋಡಿಯಂ ಸಲ್ಫೇಟು ನೀರು ಕುಡಿದು ಹರಳಾದರೆ ಅದರ ಗಾತ್ರ ಮೂರು ಪಟ್ಟನ್ನೂ ಮೀರಿ ಹಿಗ್ಗುತ್ತದೆ. ಈ ರೂಪಾಂತರದ ಗಡಿ 32.4 ಡಿಗ್ರಿ ಸೆಲ್ಸಿಯಸ್. ನಮ್ಮ ಊರಿನ ಬೇಸಗೆಯನ್ನು ನೆನೆಸಿಕೊಳ್ಳಿ. ಬಿಸಿಲಿಗೆ ಮುಖವಿಟ್ಟ ಗೋಡೆ ಮಧ್ಯಾಹ್ನ ಈ ಗಡಿಯನ್ನು ಸುಲಭವಾಗಿ ದಾಟುತ್ತದೆ, ರಾತ್ರಿ ತಂಪಿಗೆ ಮತ್ತೆ ಕೆಳಗಿಳಿಯುತ್ತದೆ. ತೇವ ಉಳಿದಿರುವ ಗೋಡೆಯೊಳಗೆ ಹರಳು ಹೀಗೆ ದಿನದಿನವೂ ಹಿಗ್ಗುತ್ತಾ ಕುಗ್ಗುತ್ತಾ ಇರುತ್ತದೆ. ಇಟ್ಟಿಗೆ ಪದರ ಪದರವಾಗಿ ಸುಲಿದು ಕೆಂಪು ಪುಡಿಯಾಗಿ ಕಟ್ಟೆಯ ಮೇಲೆ ಬೀಳುವುದು ಹೀಗೆ.

ದನದ ಕೊಟ್ಟಿಗೆಗೆ ಅಂಟಿದ ಗೋಡೆಯಲ್ಲಿ ಇದರ ಜೊತೆಗೆ ನೈಟ್ರೇಟುಗಳೂ ಸೇರುತ್ತವೆ. ಹಿಂದೆ ಇಂತಹ ಹಳೆಯ ಗೋಡೆಗಳ ಬುಡದಿಂದ ಪೆಟ್ಲುಪ್ಪು ಕೆರೆದು ತೆಗೆದು ಮದ್ದುಗುಂಡಿಗೆ ಬಳಸುತ್ತಿದ್ದರು. ಇಂದು ಗೋಡೆ ಕೆರೆದರೆ ಮೇಸ್ತ್ರಿಯ ಕೂಲಿ ಮಾತ್ರ ಖರ್ಚು.

ಇಂಗ್ಲೆಂಡಿನ ಪಠ್ಯಪುಸ್ತಕ ಓದಿ ಎಂಜಿನಿಯರಾದವರಿಗೆ ಇಟ್ಟಿಗೆಯ ದೊಡ್ಡ ಶತ್ರು ಎಂದರೆ ಹಿಮ. ಅಲ್ಲಿ ಇಟ್ಟಿಗೆಯೊಳಗಿನ ನೀರು ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ ಮುಖವನ್ನು ಸಿಡಿಸುತ್ತದೆ. ಅಡ್ಡಮಳೆ ಒಳಗೆ ಬಾರದಿರಲೆಂದು ಅವರು ನಡುವೆ ಸಂದು ಬಿಟ್ಟು ಎರಡು ಗೋಡೆ ಕಟ್ಟುವುದನ್ನು ಕಲಿತರು. ಗಾಳಿ ಮಳೆಯನ್ನು ಎಷ್ಟು ಬಲವಾಗಿ ಬಡಿಸುತ್ತದೆ ಎಂಬುದರ ಮೇಲೆ ತಮ್ಮ ದೇಶವನ್ನೇ ವಲಯಗಳಾಗಿ ವಿಂಗಡಿಸಿಕೊಂಡರು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಐದು ಹವಾಮಾನ ವಲಯಗಳಿವೆ. ಅವು ಮುಖ್ಯವಾಗಿ ಒಳಗಿರುವ ಮನುಷ್ಯನಿಗೆ ಸೆಕೆಯೋ ಚಳಿಯೋ ಎಂಬುದನ್ನು ನೋಡುತ್ತವೆ. ಗೋಡೆಗೆ ಎಷ್ಟು ಎರಚಲು ಬಡಿಯಿತು ಎಂಬುದನ್ನಲ್ಲ. ಹಾಸನದಲ್ಲಿ ಹಿಮ ಬೀಳುವುದಿಲ್ಲ, ಆದರೂ ಇಟ್ಟಿಗೆಯ ಮುಖ ಸಿಡಿಯುತ್ತದೆ. ಹಿಮ ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಉಪ್ಪು ಮಾಡುತ್ತದೆ.

ನಮ್ಮ ಇಟ್ಟಿಗೆಯದೇ ಒಂದು ಗುಣವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ದುಡಿದ ಪ್ರೊ. ಕೆ.ಎಸ್. ಜಗದೀಶ್, ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಅವರ ಜೊತೆಗಾರರು ಈ ಭಾಗದ ಇಟ್ಟಿಗೆಗಳನ್ನು ಪರೀಕ್ಷಿಸಿ ತೋರಿಸಿದ ವಿಷಯ ಇದು. ಪಶ್ಚಿಮ ದೇಶಗಳಲ್ಲಿ ಇಟ್ಟಿಗೆ ಬಿರುಸು, ಗಾರೆ ಮೆದು. ನಮ್ಮಲ್ಲಿ ಇಟ್ಟಿಗೆ ಮೆದು, ಸಿಮೆಂಟು ಗಾರೆ ಬಿರುಸು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆಯೂ ನಮ್ಮ ನಾಡ ಇಟ್ಟಿಗೆಗಿಂತ ಬಿರುಸಾಗಿರುತ್ತದೆ. ಆದ್ದರಿಂದ ‘ಸಿಮೆಂಟು ಜಾಸ್ತಿ ಹಾಕಿ ಮೇಸ್ತ್ರಿ, ಗಟ್ಟಿಯಾಗಿರಲಿ’ ಎಂದು ಮನೆಯ ಯಜಮಾನ ಹೇಳುವುದು ಪ್ರೀತಿಯ ಮಾತಾದರೂ ತಪ್ಪು ಮಾತು. ಒಂದಕ್ಕೆ ಮೂರರಂತೆ ಕಲಸಿ ಹೊಡೆದ ಪ್ಲಾಸ್ಟರ್ ಒಣಗುವಾಗ ಹೆಚ್ಚು ಕುಗ್ಗುತ್ತದೆ, ಜೇಡರ ಬಲೆಯಂತೆ ಬಿರುಕು ಬಿಡುತ್ತದೆ, ಮೆದು ಇಟ್ಟಿಗೆಯ ಮುಖವನ್ನು ಕಿತ್ತುಕೊಂಡೇ ಕಳಚುತ್ತದೆ. ಹೊರಗಿನ ಪ್ಲಾಸ್ಟರ್ ಅದು ಕೂತ ಇಟ್ಟಿಗೆಗಿಂತ ಮೆದುವಾಗಿರಬೇಕು. ಸಿಮೆಂಟು ಒಂದು, ಸುಣ್ಣ ಒಂದು, ಮರಳು ಆರು ಎಂಬ ಮಿಶ್ರಣ ಪುಸ್ತಕಗಳಲ್ಲಿದೆ, ನಮ್ಮ ಸೈಟುಗಳಲ್ಲಿ ಕಾಣುವುದಿಲ್ಲ.

ಇಟ್ಟಿಗೆ ಎಲ್ಲಿಂದ ಬರುತ್ತದೆ ಎನ್ನುವುದೂ ಮುಖ್ಯ. ಕೆರೆಯ ಗೋಡುಮಣ್ಣು ತೆಗೆದು ಅಚ್ಚು ಹಾಕಿ, ಸಂಕ್ರಾಂತಿ ಕಳೆದ ಮೇಲೆ ಗೂಡು ಸುಡುವುದು ಇಲ್ಲಿಯ ವಾಡಿಕೆ. ಗೂಡಿನ ನಡುವಿನದು ಚೆನ್ನಾಗಿ ಬೇಯುತ್ತದೆ, ಅಂಚಿನದು ಅರೆಬೆಂದಿರುತ್ತದೆ. ಎರಡನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು, ದಬ್ ಎಂದರೆ ಹೊರಗೋಡೆಗೆ ಬೇಡ. ಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳು ಇದ್ದರೆ ಅದು ಗೂಡಿನಲ್ಲಿ ಸುಟ್ಟು ಸುಣ್ಣವಾಗಿ, ಮುಂದೆ ಗೋಡೆಯಲ್ಲಿ ತೇವ ತಾಗಿದಾಗ ಅರಳಿ, ಪ್ಲಾಸ್ಟರಿನಿಂದ ಕಾಸಿನಗಲದ ಚೂರನ್ನು ಚಿಮ್ಮಿಸುತ್ತದೆ. ಗುಳಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಇದೇ ಕಾರಣ. ಮೇಸ್ತ್ರಿಯನ್ನು ಬೈಯಬೇಡಿ, ಅವನ ತಪ್ಪಿಲ್ಲ.

ಗೂಡಿನಿಂದ ಬಂದ ಹೊಸ ಇಟ್ಟಿಗೆ ಗಾಳಿಯ ತೇವ ಹೀರುತ್ತಾ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಒಮ್ಮೆ ಹಿಗ್ಗಿದ್ದು ಬಿಸಿಲಿಗೆ ಒಣಗಿದರೂ ಮತ್ತೆ ಕುಗ್ಗುವುದಿಲ್ಲ. ಕಟ್ಟಡಗಳ ಬಿರುಕಿನ ಕುರಿತ ಮಾನಕ ಬ್ಯೂರೋದ 1984ರ ಕೈಪಿಡಿ, ಗೂಡಿನಿಂದ ತೆಗೆದ ಇಟ್ಟಿಗೆಯನ್ನು ಕನಿಷ್ಠ ಎರಡು ವಾರ ಬಯಲಲ್ಲಿ ಬಿಟ್ಟು ಆಮೇಲೆ ಬಳಸಿ ಎನ್ನುತ್ತದೆ. ನಮ್ಮಲ್ಲಿ ನಡೆಯುವುದೇನು? ಫೆಬ್ರವರಿಯಲ್ಲಿ ಗೂಡು ಒಡೆಯುತ್ತಾರೆ, ಬೆಚ್ಚಗಿರುವಾಗಲೇ ಲಾರಿ ಲೋಡಾಗುತ್ತದೆ. ಮಾರ್ಚಿನಲ್ಲಿ ಗೋಡೆ ಏಳುತ್ತದೆ. ಏಪ್ರಿಲಿನ ಉರಿಬಿಸಿಲಲ್ಲಿ ಪ್ಲಾಸ್ಟರ್. ನೀರಿನ ಟ್ಯಾಂಕರಿಗೆ ದುಡ್ಡು ಎಂದು ಕ್ಯೂರಿಂಗ್ ಮೂರೇ ದಿನ. ಮೇ ತಿಂಗಳಲ್ಲಿ ಬಣ್ಣ. ವೈಶಾಖದ ಮುಹೂರ್ತ ತಪ್ಪಿದರೆ ಆಷಾಢ ಅಡ್ಡ ಬರುತ್ತದೆ ಎಂದು ಗೃಹಪ್ರವೇಶ. ಜೂನಿನಲ್ಲಿ ಮಳೆ. ಗೋಡೆ ಕಟ್ಟಲು ಬಳಸಿದ ನೀರೇ ಇನ್ನೂ ಆರಿರುವುದಿಲ್ಲ, ಅದರ ಮೇಲೆ ಬಣ್ಣದ ಮುಚ್ಚಳ, ಮುಚ್ಚಳದ ಮೇಲೆ ಮುಂಗಾರು. ಮೊದಲ ಮಳೆಗಾಲದಲ್ಲೇ ಹೊಸ ಮನೆಯ ಗೋಡೆ ಕೆಟ್ಟಿತು ಎಂದು ಅಳುವವರಲ್ಲಿ ಬಹಳಷ್ಟು ಮಂದಿ ಈ ಪಂಚಾಂಗದವರೇ. ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಬಾಡಿಗೆ ಮನೆ ಬಿಡುವ ದಿನ, ಬ್ಯಾಂಕಿನ ಕಂತು, ಸರ್ಕಾರಿ ವಸತಿ ಯೋಜನೆಯ ಹಂತ ಹಂತದ ಹಣ, ಎಲ್ಲವೂ ಅವಸರಪಡಿಸುತ್ತವೆ.

ಬಿಸಿಲು ನೇರವಾಗಿ ಮಾಡುವ ಕೆಡುಕು ಒಂದಿದೆ. ತಾರಸಿಯ ಕಾಂಕ್ರೀಟು ಬಿಸಿಗೆ ಹಿಗ್ಗುವಷ್ಟು ಅದರ ಕೆಳಗಿನ ಇಟ್ಟಿಗೆ ಹಿಗ್ಗುವುದಿಲ್ಲ. ಮೂವತ್ತು ಡಿಗ್ರಿ ಹೆಚ್ಚು ಕಾದರೆ ಹತ್ತು ಮೀಟರ್ ಉದ್ದದ ಕಾಂಕ್ರೀಟು ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ, ಅಷ್ಟೇ ಉದ್ದದ ಇಟ್ಟಿಗೆ ಗೋಡೆ ಅಷ್ಟೇ ಕಾದರೂ ಎರಡಕ್ಕಿಂತ ಕಡಿಮೆ. ಬಿಸಿಲು ನೇರವಾಗಿ ಬೀಳುವುದು ತಾರಸಿಗೆ, ಗೋಡೆ ಅಷ್ಟು ಕಾಯುವುದೂ ಇಲ್ಲ. ಈ ಒಂದೆರಡು ಮಿಲಿಮೀಟರಿನ ಎಳೆದಾಟವೇ ತಾರಸಿಯ ಕೆಳಗೆ ಗೆರೆ ಎಳೆದಂತೆ ಕಾಣುವ ಅಡ್ಡ ಬಿರುಕು. ಚನ್ನರಾಯಪಟ್ಟಣ, ಅರಸೀಕೆರೆಯ ಕಡೆ ಹಗಲು ರಾತ್ರಿಯ ಬಿಸಿಯ ಅಂತರ ಹೆಚ್ಚಿರುವುದರಿಂದ ಈ ಬಿರುಕೂ ಹೆಚ್ಚು. ಅದು ಮನೆ ಬೀಳಿಸುವ ಬಿರುಕಲ್ಲ; ಆದರೆ ಅದರಿಂದ ಇಳಿಯುವ ನೀರು ಬೇರೆ ರೋಗಗಳನ್ನು ತರುತ್ತದೆ. ತಾರಸಿಗೆ ಬಿಳಿ ಸುಣ್ಣ ಬಳಿದರೆ ಕಾವು ಕಡಿಮೆಯಾಗುತ್ತದೆ, ಎಳೆದಾಟವೂ ಕಡಿಮೆಯಾಗುತ್ತದೆ. ಇಷ್ಟು ಅಗ್ಗದ ಮದ್ದು ಇನ್ನೊಂದಿಲ್ಲ.

ಬಿಸಿ ಮತ್ತು ತೇವ ಒಟ್ಟಿಗೇ ಬಡಿದರೆ ಇಟ್ಟಿಗೆ ಗೋಡೆ ಏನಾಗುತ್ತದೆ ಎಂದು ನೋಡಬೇಕೆಂದರೆ ಯಾವ ಪ್ರಯೋಗಾಲಯಕ್ಕೂ ಹೋಗಬೇಕಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರಿನ ಸುತ್ತ ಹೊಗೆಸೊಪ್ಪಿನ ಬ್ಯಾರನ್‌ಗಳಿವೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೇ ಇದೆ. ಎತ್ತರದ ಇಟ್ಟಿಗೆ ಗೋಡೆಯ ಕೋಣೆ, ಒಳಗೆ ಕಬ್ಬಿಣದ ಕೊಳವೆ, ಹೊರಗಿನಿಂದ ಸೌದೆ ಉರಿ. ಎಲೆ ಹದವಾಗಲು ಐದಾರು ದಿನ ಒಳಗಿನ ಶಾಖವನ್ನು ಮೆಲ್ಲಗೆ ಏರಿಸುತ್ತಾ ಎಪ್ಪತ್ತು ಡಿಗ್ರಿಯ ಆಸುಪಾಸಿಗೆ ಒಯ್ಯುತ್ತಾರೆ. ಹಸಿ ಎಲೆಯ ನೀರೆಲ್ಲ ಆವಿಯಾಗಿ ಗೋಡೆಗೆ ತಾಗುತ್ತದೆ. ಇದು ನಡೆಯುವುದು ಮಳೆಗಾಲದಲ್ಲೇ. ಒಳಗೆ ಎಪ್ಪತ್ತು ಡಿಗ್ರಿ, ಹೊರಗೆ ಇಪ್ಪತ್ತು ಡಿಗ್ರಿಯ ಸೋನೆ, ನಡುವೆ ಒಂಬತ್ತಿಂಚು ಇಟ್ಟಿಗೆ. ಒಲೆಯ ಬಾಯಿಯ ಮೇಲೆ, ಮೂಲೆಗಳಲ್ಲಿ ಸೀಳು ಬಿಟ್ಟ ಬ್ಯಾರನ್ ಇಲ್ಲಿ ಅಪರೂಪವಲ್ಲ. ರೈತರು ಆ ಸೀಳಿಗೆ ಪ್ರತಿ ವರ್ಷ ಮಣ್ಣು ಮೆತ್ತುತ್ತಾರೆ, ಸಿಮೆಂಟು ಹಾಕುವವರು ಕಡಿಮೆ. ಸಿಮೆಂಟು ಮೆತ್ತಿದರೆ ಅದರ ಪಕ್ಕದಲ್ಲೇ ಹೊಸ ಸೀಳು ಬಿಡುತ್ತದೆ ಎಂಬುದು ಅನುಭವದಿಂದ ಬಂದ ತಿಳಿವಳಿಕೆ. ಹಿಗ್ಗಿ ಕುಗ್ಗುವ ಗೋಡೆಗೆ ಹಿಗ್ಗಿ ಕುಗ್ಗುವ ಗಾರೆಯೇ ಬೇಕು. ಇದೇ ರೈತ ಬ್ಯಾರನ್ ಪಕ್ಕದ ತನ್ನ ಮನೆಗೆ ಮಾತ್ರ ಪೇಟೆಯ ಎಂಜಿನಿಯರ್ ಹೇಳಿದಂತೆ ಗಟ್ಟಿ ಪ್ಲಾಸ್ಟರ್ ಹೊಡೆಸುತ್ತಾನೆ.

ಇನ್ನೊಂದು ಸಾಕ್ಷಿ ಶೆಟ್ಟಿಹಳ್ಳಿಯ ಚರ್ಚ್. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯಲ್ಲಿ ಕಟ್ಟಿಸಿದ್ದು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದ ಮೇಲೆ ಆ ಊರು ಹಿನ್ನೀರಿಗೆ ಸೇರಿತು. ಅಂದಿನಿಂದ ಮಳೆಗಾಲದಲ್ಲಿ ಚರ್ಚು ನೀರಿನಲ್ಲಿ ನಿಲ್ಲುತ್ತದೆ, ಬೇಸಗೆಯಲ್ಲಿ ನೆಲ ಕಾಣುತ್ತದೆ. ಚಾವಣಿ ಹೋಗಿದೆ, ಗಿಲಾವು ಹೋಗಿದೆ, ಗೋಡೆಯ ಭಾಗಗಳು ಉರುಳಿವೆ, ಇಟ್ಟಿಗೆಗಳ ಮೂಲೆ ಸವೆದಿದೆ. ಆದರೂ ನಾಲ್ಕು ದಶಕಗಳಿಗೂ ಮೀರಿ ಮುಳುಗಿ ಏಳುತ್ತಾ ಉಳಿದ ಗೋಡೆ ನಿಂತಿದೆ. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರು ಎಂದು ಪ್ರವಾಸಿಗರಿಗೆ ಕಥೆ ಹೇಳುವವರಿದ್ದಾರೆ. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸುವ ಪದ್ಧತಿ ನಮ್ಮಲ್ಲಿ ಇದ್ದದ್ದು ಹೌದು, ಆದರೆ ಅದರಲ್ಲಿ ಮಾಯೆ ಹುಡುಕಬೇಕಾಗಿಲ್ಲ. ಆ ಗೋಡೆ ಬಹಳ ದಪ್ಪ, ಅದರ ಗಾರೆ ಮೆದು, ನೀರು ಬಂದಂತೆ ಹೋಗಲು ದಾರಿ ಇದೆ. ಸುಣ್ಣದ ಗಾರೆ ನೀರಿಗೆ ತಡೆದೀತೇ ಎನ್ನುವವರಿಗೆ ಸುರ್ಕಿಯ ಉದಾಹರಣೆ ಇದೆ: ಇಟ್ಟಿಗೆ ಪುಡಿಯನ್ನು ಸುಣ್ಣಕ್ಕೆ ಬೆರೆಸಿದರೆ ನೀರಿನೊಳಗೂ ಗಟ್ಟಿಯಾಗುವ ಗಾರೆ ಸಿಗುತ್ತದೆ. ಕನ್ನಂಬಾಡಿ ಕಟ್ಟೆ ನಿಂತಿರುವುದೇ ಆ ಗಾರೆಯ ಮೇಲೆ.

ಬೇಲೂರಿನವರು ಇದ್ದರೆ ಒಂದು ಮಾತು. ಚೆನ್ನಕೇಶವ ದೇವಾಲಯದ ಮಹಾದ್ವಾರದ ಗೋಪುರ ವಿಜಯನಗರದ ಕಾಲದ್ದು, ಎರಡನೆಯ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಕಟ್ಟಿಸಿದ್ದು. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ. ಕಲ್ಲು ತನ್ನ ಪಾಡಿಗೆ ನಿಲ್ಲುತ್ತದೆ, ಇಟ್ಟಿಗೆಯ ಗೋಪುರಕ್ಕೆ ಮಾತ್ರ ತಲೆಮಾರಿಗೊಮ್ಮೆ ಗಾರೆ, ಸುಣ್ಣದ ಉಪಚಾರ ಆಗುತ್ತಲೇ ಇರಬೇಕು. ಇಟ್ಟಿಗೆಯ ಜೊತೆ ಬಾಳುವವರು ಈ ಸೇವೆಯನ್ನು ಒಪ್ಪಿಕೊಂಡೇ ಬಾಳಬೇಕು.

ಹೊಳೆನರಸೀಪುರದ ಹಳೆಯ ಬೀದಿಗಳ ಮನೆಗಳ ಬಗ್ಗೆ ಕೊಂಚ ಗಂಭೀರವಾಗಿ ಹೇಳಬೇಕು. ಅಲ್ಲಿ, ಹಾಗೆಯೇ ನದಿ ಮತ್ತು ನಾಲೆಯ ಬದಿಯ ಊರುಗಳಲ್ಲಿ, ಮಣ್ಣಿನ ಗಾರೆಯಲ್ಲಿ ಇಟ್ಟಿಗೆ ಕಟ್ಟಿ ಮೇಲೆ ಸುಣ್ಣದ ಗಿಲಾವು ಮಾಡಿದ ಮನೆಗಳು ಇನ್ನೂ ಇವೆ. ಪಾಯದಲ್ಲಿ ತೇವ ತಡೆಯುವ ಪದರ ಇಲ್ಲ. ನೆಲದ ನೀರು ಗೋಡೆಯಲ್ಲಿ ಮೊಣಕಾಲೆತ್ತರ, ಸೊಂಟದೆತ್ತರ ಏರಿ ಒಂದು ಗೆರೆಯಲ್ಲಿ ನಿಲ್ಲುತ್ತದೆ, ಆ ಗೆರೆಯಲ್ಲೇ ಉಪ್ಪು. ಮನೆಯವರು ಏನು ಮಾಡುತ್ತಾರೆ? ಸುಣ್ಣ ಕೆತ್ತಿ ಸಿಮೆಂಟು ಬಳಿಯುತ್ತಾರೆ, ಅಥವಾ ನಾಲ್ಕಡಿ ಎತ್ತರಕ್ಕೆ ಟೈಲ್ಸ್ ಅಂಟಿಸುತ್ತಾರೆ. ನೀರಿಗೆ ಹೊರಬರುವ ಜಾಗ ಮುಚ್ಚಿದ್ದರಿಂದ ಅದು ಟೈಲ್ಸಿನ ಮೇಲಿನವರೆಗೂ ಏರುತ್ತದೆ. ಒಳಗೆ ಮಣ್ಣಿನ ಗಾರೆ ನೆನೆದು ಮುದ್ದೆಯಾಗುತ್ತದೆ. ಹೊರಗಿನ ಸಿಮೆಂಟು ಚಿಪ್ಪು ನೋಡಲು ಗಟ್ಟಿಯಾಗಿಯೇ ಇರುತ್ತದೆ, ಗೋಡೆ ಹೊಟ್ಟೆ ಬಿಟ್ಟಿದ್ದು ಕಾಣುವುದೇ ಇಲ್ಲ. 2018 ಮತ್ತು 2019ರ ಆಗಸ್ಟ್ ಮಳೆಯಲ್ಲಿ ಈ ಜಿಲ್ಲೆಯ ನದೀ ತೀರಗಳಲ್ಲಿ ಮನೆಗಳು ಬಿದ್ದದ್ದು ನಿಮಗೆ ನೆನಪಿದೆ. 2021ರ ನವೆಂಬರಿನಲ್ಲಿ, ಗೋಡೆಗಳು ಆರಬೇಕಾದ ತಿಂಗಳಲ್ಲಿ, ಅಕಾಲ ಮಳೆ ಸುರಿಯಿತು. ಮುಂಗಾರಿಗೆ ನೆನೆದ ಗೋಡೆಗೆ ಆರಲು ಬಿಡುವೇ ಸಿಗದೆ ಮತ್ತೆ ನೀರು. ಹವೆ ಬದಲಾಗುತ್ತಿದೆ ಎನ್ನುವಾಗ ಇಟ್ಟಿಗೆ ಗೋಡೆಯ ಪಾಲಿಗೆ ನನಗೆ ದೊಡ್ಡ ಭಯ ಇದೇ. ಮಳೆ ಹೆಚ್ಚಾಗುವುದಕ್ಕಿಂತ, ಎರಡು ಮಳೆಗಳ ನಡುವೆ ಬಿಡುವು ಕಡಿಮೆಯಾಗುವುದು.

ಹಳೆಯ ತೊಟ್ಟಿಮನೆಗಳನ್ನು ಹೊಗಳಿ ಕಣ್ಣೀರು ಹಾಕುವ ಚಪಲ ನನಗಿಲ್ಲ. ಅವು ಕತ್ತಲ ಮನೆಗಳು, ಒಳಗೆಲ್ಲ ಹೊಗೆ. ಆದರೆ ಅವುಗಳ ಸೂರು ಎರಡೂವರೆ, ಮೂರು ಅಡಿ ಮುಂದೆ ಚಾಚಿತ್ತು. ಜಗಲಿ ಗೋಡೆಯ ಬುಡಕ್ಕೆ ನೀರು ಸಿಡಿಯದಂತೆ ನೋಡಿಕೊಳ್ಳುತ್ತಿತ್ತು. ಪಶ್ಚಿಮದ ಕಡೆ ಮಳೆಗಾಲಕ್ಕೆ ಸೋಗೆಯ ತಟ್ಟಿ ಕಟ್ಟಿ, ಮಳೆ ಹಿಂದಾದ ಮೇಲೆ ಬಿಚ್ಚುತ್ತಿದ್ದರು. ಇಂದು ‘ಎಲಿವೇಶನ್’ ಚೆನ್ನಾಗಿರಲಿ ಎಂದು ತಾರಸಿಯನ್ನು ಗೋಡೆಯ ಸಮಕ್ಕೆ ಕತ್ತರಿಸಿ, ಕಿಟಕಿಗೆ ಅಂಗೈಯಗಲ ಸಜ್ಜಾ ಬಿಟ್ಟು, ಮೂರು ಬಣ್ಣ ಹೊಡೆಯುತ್ತೇವೆ. ಆ ಎಲಿವೇಶನ್ ದುಬೈಯಂತಹ ಮಳೆ ಅಪರೂಪದ ಊರಿನದು. ಅರಕಲಗೂಡಿನ ಎರಚಲಿಗೆ ಅದು ಹೊಂದುವುದಿಲ್ಲ ಎಂದು ನಕ್ಷೆ ಬರೆಯುವವರು ಹೇಳಬೇಕಾಗಿತ್ತು.

ಹಾಸನದಲ್ಲಿ 1960ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ಸಿವಿಲ್ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ: ನಾಲ್ಕು ತಾಲ್ಲೂಕಿನ ನಾಲ್ಕು ಮನೆ ಆರಿಸಿಕೊಳ್ಳಿ, ನಾಲ್ಕು ದಿಕ್ಕಿನ ಗೋಡೆಗಳಲ್ಲಿ ತೇವ ಎಷ್ಟು, ಯಾವ ತಿಂಗಳಲ್ಲಿ ಆರುತ್ತದೆ ಎಂದು ಒಂದು ವರ್ಷ ಅಳೆದು ಕನ್ನಡದಲ್ಲಿ ಬರೆದು ಮೇಸ್ತ್ರಿಗಳ ಕೈಗೆ ಕೊಡಿ.

ಮನೆಯವರಿಗೆ ನನ್ನ ಮಾತು ಇಷ್ಟು. ಮಣ್ಣಿನ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಬಳಿಸಿದ್ದೀರಾದರೆ ಈ ಮಳೆಗಾಲಕ್ಕೆ ಮುಂಚೆ ತಿಳಿದವರಿಗೆ ತೋರಿಸಿ, ತೂಕದ ಗುಂಡು ಬಿಟ್ಟು ನೋಡಿಸಿ. ಹೊಟ್ಟೆ ಬಿಟ್ಟಿದ್ದರೆ ಅದರ ಪಕ್ಕದಲ್ಲಿ ಮಕ್ಕಳನ್ನು ಮಲಗಿಸಬೇಡಿ. ಹೊಸದಾಗಿ ಕಟ್ಟುವವರು ಪಶ್ಚಿಮಕ್ಕೆ ಎರಡಡಿ ಸಜ್ಜಾ ಬಿಡಿ, ಸಜ್ಜಾದ ಕೆಳ ಅಂಚಿಗೆ ನೀರು ಹಿಂದಕ್ಕೆ ಓಡದಂತೆ ಒಂದು ಗಾಡಿ, ಅಂದರೆ ಸಣ್ಣ ತೋಡು, ಹೊಡೆಸಿ. ಮನೆ ಸುತ್ತ ಹಾಕಿದ ಮಣ್ಣು ಪಾಯದ ಪಟ್ಟಿಗಿಂತ ಅರ್ಧ ಅಡಿ ಕೆಳಗಿರಲಿ. ಬಣ್ಣ ಹೊಡೆಸಬೇಕೆಂದಿರುವವರು ದೀಪಾವಳಿಗೆ ಹೊಡೆಸಬೇಡಿ, ಅಂಗಡಿಯವನು ರಿಯಾಯಿತಿ ಕೊಟ್ಟರೂ ಬೇಡ. ಫೆಬ್ರವರಿಯವರೆಗೆ ಗೋಡೆ ಆರಲಿ. ಆಮೇಲೆ ಹೊಡೆಸಿ.